ಎಷ್ಟು ಗಟ್ಟಿ ಉಕ್ಕು ಹಾಕಿದರೂ ಬೂದಿ ಕನ್ವೇಯರ್‌ನ ಚೈನ್ ಯಾಕೆ ಬಾಳುವುದಿಲ್ಲ?

ಪ್ರಶ್ನೆ: ಸರ್, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಕಾರ್ಕಳ, ಕುಂದಾಪುರ ಕಡೆಯ ಕುಚ್ಚಲಕ್ಕಿ ಮಿಲ್ಲುಗಳಿಗೆ ಬಾಯ್ಲರ್ ಬೂದಿ ಎಳೆಯುವ ಕನ್ವೇಯರ್‌ನ ಚೈನು, ಅದು ಸುತ್ತುವ ಹಲ್ಲಿನ ಚಕ್ರ (ಸ್ಪ್ರಾಕೆಟ್) ಮಾಡಿ ಕೊಡುತ್ತೇನೆ. ಒಂದೇ ಸಾಲಿನ ಚೈನು. ಪಿಚ್, ಅಂದರೆ ಒಂದು ಕೀಲಿನಿಂದ ಮುಂದಿನ ಕೀಲಿಗೆ ದೂರ, 100 ಮಿ.ಮೀ., ಪಿನ್ನು 14 ಮಿ.ಮೀ., ಪಿನ್ನು ಕೂರುವ ಕೊಳವೆ (ಬುಷ್) ಉದ್ದ 36 ಮಿ.ಮೀ., ಸ್ಪ್ರಾಕೆಟ್‌ಗೆ 6 ಹಲ್ಲು. ಮೊದಲು ಇಎನ್ 8 ಎಂಬ ಸಾಧಾರಣ ಉಕ್ಕಿನ ಪಿನ್ನು ಹಾಕುತ್ತಿದ್ದೆ. ಬೇಗ ಸವೆಯುತ್ತದೆ ಎಂದು ಇನ್ನೂ ಬಲವಾದ ಇಎನ್ 24 ಉಕ್ಕನ್ನು ಹಾರ್ಡನ್ ಮಾಡಿಸಿ (ಕಾಯಿಸಿ ತಣಿಸಿ ಗಟ್ಟಿ ಮಾಡಿಸಿ) ಹಾಕಿದೆ. ಆದರೂ ಒಂದು ಸೀಸನ್ ದಾಟುವುದಿಲ್ಲ. ಚೈನ್ ಉದ್ದ ಆಗಿ ಹಲ್ಲಿನ ಮೇಲೆ ಜಿಗಿಯುತ್ತದೆ. ತುಕ್ಕು ಹಿಡಿಯದಿರಲಿ ಎಂದು ಒಂದು ಸೆಟ್ ಪಿನ್ನಿಗೆ ಝಿಂಕ್ ಪ್ಲೇಟಿಂಗ್ ಮಾಡಿಸಿದೆ. ಅದರಲ್ಲಿ ಕೆಲವು ಪಿನ್ನು ಸುಮ್ನೆ ತುಂಡಾದವು. ಇನ್ನೂ ಗಟ್ಟಿ ಉಕ್ಕು ಬೇಕಾ? ಯಾವುದು ಹಾಕಲಿ?

ಉತ್ತರ: ಉಕ್ಕು ಬದಲಿಸುವ ಮೊದಲು ಪಿನ್ನಿನ ಅಳತೆ, ಹಲ್ಲಿನ ಸಂಖ್ಯೆ, ಚೈನಿನ ವೇಗ ಇವುಗಳನ್ನು ನೋಡೋಣ. ನಿಮ್ಮ ಚೈನು ಸೋಲುತ್ತಿರುವುದು ಅಲ್ಲಿ. ಪಿನ್ನು ತುಂಡಾದ ಕಾರಣ ಬೇರೆಯೇ, ಅದನ್ನು ಮುಂದೆ ಹೇಳುತ್ತೇನೆ.

ಚೈನ್ ಉದ್ದ ಆಯಿತು ಎಂದು ಎಲ್ಲರೂ ಹೇಳುತ್ತೇವೆ. ಆದರೆ ಪ್ಲೇಟು ಹಿಗ್ಗಿರುವುದಿಲ್ಲ. ಪಿನ್ನು ಮತ್ತು ಬುಷ್ ಒಂದಕ್ಕೊಂದು ಉಜ್ಜಿ ಸವೆದು ಪ್ರತಿ ಕೀಲಿನಲ್ಲೂ ಸ್ವಲ್ಪ ಲೂಸ್ ಆಗಿರುತ್ತದೆ. ಆ ಲೂಸೆಲ್ಲ ಸೇರಿ ಚೈನು ಉದ್ದ ಕಾಣುತ್ತದೆ. ಹಳೆಯ ಚೈನ್ ಒಂದನ್ನು ಎಳೆದು ಹಿಡಿದು ಲಿಂಕ್ ಲಿಂಕ್ ಅಳೆದು ನೋಡಿ. ಬುಷ್ ಇರುವ ಒಳಗಿನ ಲಿಂಕ್ ಹೆಚ್ಚುಕಡಿಮೆ 100 ಮಿ.ಮೀ. ಆಗಿಯೇ ಉಳಿದಿರುತ್ತದೆ. ಪಿನ್ನು ಇರುವ ಹೊರಗಿನ ಲಿಂಕ್ ಮಾತ್ರ 103, 104 ಆಗಿರುತ್ತದೆ. ಹಾಗಾಗಿ ಒಂದು ಹಲ್ಲು ಸರಿಯಾಗಿ ಕೂರುತ್ತದೆ, ಪಕ್ಕದ್ದು ಮೇಲೆ ಹತ್ತುತ್ತದೆ. ಒಂದು ಪಿನ್ನನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಸುತ್ತಲೂ ಒಂದೇ ರೀತಿ ಸವೆದಿರುವುದಿಲ್ಲ. ಒಂದು ಪಕ್ಕದಲ್ಲಿ ಮಾತ್ರ ತಗ್ಗು ಬಿದ್ದು, ಅಂಚಿನಲ್ಲಿ ಮೆಟ್ಟಿಲು ಎದ್ದಿರುತ್ತದೆ. ಸುತ್ತಲೂ ಸವೆದಿದ್ದರೆ ಪಿನ್ನು ಹೊರಗಿನ ಪ್ಲೇಟಿನ ತೂತಿನಲ್ಲೇ ತಿರುಗುತ್ತಿತ್ತು ಎಂದರ್ಥ. ಅದು ಇನ್ನೊಂದು ರೋಗ.

ಗಟ್ಟಿತನದ ಮಾತಿಗೆ ಬರೋಣ. ಬಾಯ್ಲರಿನಲ್ಲಿ ಭತ್ತದ ಉಮಿ ಸುಟ್ಟರೆ ಅದರ ತೂಕದ ಸುಮಾರು ಐದನೇ ಒಂದು ಭಾಗ ಬೂದಿ ಉಳಿಯುತ್ತದೆ. ಆ ಬೂದಿಯಲ್ಲಿ ಬಹುಪಾಲು, ಅಂದರೆ ನೂರಕ್ಕೆ 85ರಿಂದ 95ರಷ್ಟು, ಸಿಲಿಕಾ. ಜೊತೆಗೆ ಭತ್ತದಿಂದಲೇ ಬಂದ ಮರಳು ಇರುತ್ತದೆ. ಮರಳಿನ ಕಣದ ಗಟ್ಟಿತನ ವಿಕರ್ಸ್ ಎಂಬ ಅಳತೆಯ ಲೆಕ್ಕದಲ್ಲಿ 1000 ದಾಟುತ್ತದೆ. 60 ಎಚ್‌ಆರ್‌ಸಿ (ರಾಕ್‌ವೆಲ್ ಸಿ, ಗಟ್ಟಿತನದ ಇನ್ನೊಂದು ಅಳತೆ) ತನಕ ಹಾರ್ಡನ್ ಮಾಡಿದ ಪಿನ್ನು ವಿಕರ್ಸ್ ಲೆಕ್ಕದಲ್ಲಿ 700ರ ಆಸುಪಾಸು ಬರುತ್ತದೆ. ನೀವು ಎಷ್ಟೇ ಕಷ್ಟಪಟ್ಟರೂ ಕೀಲಿನ ಒಳಗೆ ಹೊಕ್ಕ ಮರಳು ಪಿನ್ನಿಗಿಂತ ಗಟ್ಟಿ. ಇಎನ್ 8ಕ್ಕಿಂತ ಹಾರ್ಡನ್ ಆದ ಪಿನ್ನು ಒಳ್ಳೆಯದು ಎನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಗಟ್ಟಿತನವೊಂದರಿಂದಲೇ ಸಿಗುವ ಲಾಭ ಅಲ್ಲಿಗೆ ಮುಗಿಯುತ್ತದೆ. ಉಳಿದ ಆಯುಷ್ಯ ಡಿಸೈನಿನಿಂದ ಬರಬೇಕು.

ಮೊದಲು ಎಳೆತ ಎಷ್ಟು ಅಂತ ಗೊತ್ತಾಗಬೇಕು. ಮಿಲ್ಲಿಗೆ ಹೋಗಿ, ಕನ್ವೇಯರ್ ತುಂಬಿ ಓಡುವಾಗ ಮೋಟರು ಎಷ್ಟು ಕಿಲೋವ್ಯಾಟ್ ಎಳೆಯುತ್ತಿದೆ ಎಂದು ಪವರ್ ಮೀಟರಿನಲ್ಲಿ ನೋಡಿ. ಬರೀ ಆಂಪಿಯರ್ ನೋಡಿ ಲೆಕ್ಕ ಹಾಕಬೇಡಿ, ಕಡಿಮೆ ಲೋಡಿನಲ್ಲಿ ಅದು ದಾರಿ ತಪ್ಪಿಸುತ್ತದೆ. ಮೋಟರು 1.5 ಕಿಲೋವ್ಯಾಟ್ ತೆಗೆದುಕೊಳ್ಳುತ್ತಿದೆ ಅಂದುಕೊಳ್ಳಿ. ಮೋಟರು, ಗೇರ್‌ಬಾಕ್ಸಿನಲ್ಲಿ ಹೋದದ್ದು ಹೋಗಿ ಚೈನಿಗೆ 1 ಕಿಲೋವ್ಯಾಟ್ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಚೈನಿನ ವೇಗ ಸೆಕೆಂಡಿಗೆ 0.15 ಮೀಟರ್ ಇದ್ದರೆ, 1000ವನ್ನು 0.15ರಿಂದ ಭಾಗಿಸಿ: ಸುಮಾರು 6,700 ನ್ಯೂಟನ್. ಅಂದರೆ 680 ಕೆ.ಜಿ. ಎಳೆತ. ಈ ಎಳೆತವನ್ನು ಹೊರುವುದು ಪಿನ್ನಿನ ವ್ಯಾಸ ಗುಣಿಸು ಬುಷ್ಷಿನ ಉದ್ದ, ಅಷ್ಟು ಜಾಗ. ನಿಮ್ಮದರಲ್ಲಿ 14 ಗುಣಿಸು 36, ಅಂದರೆ 504 ಚದರ ಮಿ.ಮೀ. ಒಂದು ಚದರ ಮಿ.ಮೀ.ಗೆ 13 ನ್ಯೂಟನ್ ದಾಟಿತು. ಚೊಕ್ಕ ಜಾಗದಲ್ಲಿ, ಎಣ್ಣೆ ಹಾಕಿಕೊಂಡು ಓಡುವ ಚೈನಿಗೆ ಇದು ದೊಡ್ಡ ಒತ್ತಡ ಅಲ್ಲ. ಬೂದಿಯಲ್ಲಿ ಒಣಗಿ ಓಡುವ ಚೈನಿಗೆ ನಾನು 10 ದಾಟಲು ಬಿಡುವುದಿಲ್ಲ.

ಹಾಗಾದರೆ ದಪ್ಪ ಪಿನ್ನು ಹಾಕಿದರಾಯಿತು ಅಂತ ಅನಿಸುತ್ತದೆ, ಅಲ್ವಾ? ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸವೆತದ ಆಳ ಎರಡು ಸಂಗತಿಗಳ ಗುಣಾಕಾರ: ಒತ್ತಡ ಎಷ್ಟು, ಉಜ್ಜಿದ ದೂರ ಎಷ್ಟು. ಪಿನ್ನು ದಪ್ಪ ಆದರೆ ಒತ್ತಡ ಇಳಿಯುತ್ತದೆ. ಆದರೆ ಅದೇ ಕೋನಕ್ಕೆ ತಿರುಗುವಾಗ ದಪ್ಪ ಪಿನ್ನಿನ ಮೈ ಹೆಚ್ಚು ದೂರ ಉಜ್ಜುತ್ತದೆ. ಒಂದು ಎಷ್ಟು ಇಳಿಯಿತೋ ಇನ್ನೊಂದು ಅಷ್ಟೇ ಏರುತ್ತದೆ. ಲೆಕ್ಕದಲ್ಲಿ ವ್ಯಾಸ ಹೊಡೆದುಹೋಗಿ ಉಳಿಯುವುದು ಬುಷ್ಷಿನ ಉದ್ದ ಮಾತ್ರ. ಬುಷ್ಷನ್ನು 36ರಿಂದ 50 ಮಿ.ಮೀ.ಗೆ ಏರಿಸಿದರೆ ಸವೆತ ನೂರಕ್ಕೆ 28ರಷ್ಟು ಕಡಿಮೆ. ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬುಷ್ ಇರುವ ರೋಲರ್ ಚೈನ್ ತಂದದ್ದೂ ಇದೇ ದಾರಿ ಹಿಡಿದು. ಅದಕ್ಕೆ ಮುಂಚೆ ತೆಳು ಪ್ಲೇಟಿನ ಅಂಚೇ ಪಿನ್ನನ್ನು ಕೊರೆಯುತ್ತಿತ್ತು. ಬುಷ್ ಬಂದ ಮೇಲೆ ಭಾರ ಪಿನ್ನಿನ ಉದ್ದಕ್ಕೂ ಹಂಚಿಹೋಯಿತು.

ಆದರೆ ಬುಷ್ ಮಾತ್ರ ಉದ್ದ ಮಾಡಿ ಪಿನ್ನನ್ನು 14ರಲ್ಲೇ ಬಿಟ್ಟರೆ ಪಿನ್ನು ಬಾಗುತ್ತದೆ. ಬಾಗಿದ ಪಿನ್ನು ಬುಷ್ಷಿನ ಎರಡು ತುದಿಯಲ್ಲಷ್ಟೇ ತಾಗುತ್ತದೆ, ನಡುವಿನ ಉದ್ದ ವ್ಯರ್ಥ. ಆದ್ದರಿಂದ ಬುಷ್ 50 ಮಾಡಿದರೆ ಪಿನ್ನು 18 ಮಾಡಿ. ಆ ದಪ್ಪ ಬೇಕಾದದ್ದು ನೆಟ್ಟಗೆ ನಿಲ್ಲಲು. ಒತ್ತಡವೂ 7.5ರ ಹತ್ತಿರಕ್ಕೆ ಇಳಿಯುತ್ತದೆ, ಉಳಿದ ಎಣ್ಣೆಯ ಪದರ ಹರಿಯದೆ ನಿಲ್ಲಲು ಅದೂ ಸಹಾಯ.

ಇನ್ನು ಕೋನ. 6 ಹಲ್ಲಿನ ಸ್ಪ್ರಾಕೆಟ್ ಮೇಲೆ ಹತ್ತುವಾಗ ಪ್ರತಿ ಕೀಲು 60 ಡಿಗ್ರಿ ಮಡಚುತ್ತದೆ. 8 ಹಲ್ಲಾದರೆ 45, 12 ಆದರೆ 30. ಹಲ್ಲು ಆರರಿಂದ ಎಂಟಾದರೆ ಉಜ್ಜಾಟ ನೇರವಾಗಿ ಕಾಲು ಭಾಗ ಕಡಿಮೆ. ಇನ್ನೂ ಒಂದು ಲಾಭ ಇದೆ. 6 ಹಲ್ಲಿನ ಸ್ಪ್ರಾಕೆಟ್ ಎಂದರೆ ಆರು ಮೂಲೆಯ ಚಕ್ರ. ಶಾಫ್ಟು ಒಂದೇ ವೇಗದಲ್ಲಿ ತಿರುಗಿದರೂ ಚೈನಿನ ವೇಗ ಪ್ರತಿ ಹಲ್ಲಿಗೂ ನೂರಕ್ಕೆ 13ರಷ್ಟು ಏರಿಳಿಯುತ್ತದೆ. ಚೈನು ಜಗ್ಗಿ ಜಗ್ಗಿ ಓಡುವುದನ್ನು ನೀವು ಕಣ್ಣಿನಲ್ಲೇ ನೋಡಿರುತ್ತೀರಿ. 8 ಹಲ್ಲಿಗೆ ಅದು ಏಳೂವರೆ, 12ಕ್ಕೆ ಮೂರೂವರೆಯೂ ಇಲ್ಲ. ತೊಂದರೆ ಎಂದರೆ ಜಾಗ ಮತ್ತು ಗೇರ್‌ಬಾಕ್ಸ್. ನಿಮ್ಮ ಪಿಚ್ಚಿಗೆ 6 ಹಲ್ಲಿನ ಪಿಚ್ ವ್ಯಾಸ 200 ಮಿ.ಮೀ., 8ಕ್ಕೆ 261, 12ಕ್ಕೆ 386. ವ್ಯಾಸ ದೊಡ್ಡದಾದಷ್ಟು ಶಾಫ್ಟಿಗೆ ಟಾರ್ಕ್ ಜಾಸ್ತಿ ಬೇಕು, ತಿರುಗುವ ವೇಗ ಕಡಿಮೆ ಬೇಕು. ಇರುವ ಬೂದಿ ಗುಂಡಿಯಲ್ಲಿ 12 ಹಲ್ಲಿನದ್ದು ಕೂರುವುದು ಅನುಮಾನ. 8 ಅಥವಾ 9 ಹಲ್ಲು ಹೆಚ್ಚಿನ ಕಡೆ ಹಿಡಿಸುತ್ತದೆ. ಎರಡೂ ತುದಿ ಬದಲಿಸಲು ಮಿಲ್ಲಿನವರು ಒಪ್ಪದಿದ್ದರೆ ಮೋಟರ್ ಇರುವ ತುದಿಯದ್ದನ್ನಾದರೂ ಬದಲಿಸಿ. ಒಂದು ಸುತ್ತಿಗೆ ಪ್ರತಿ ಕೀಲು ನಾಲ್ಕು ಸಲ ಮಡಚಿ ಬಿಚ್ಚುತ್ತದೆ: ಎರಡು ಸ್ಪ್ರಾಕೆಟ್, ಪ್ರತಿಯೊಂದಕ್ಕೂ ಹತ್ತುವುದು, ಇಳಿಯುವುದು. ಆದರೆ ಪೂರ್ತಿ ಎಳೆತದ ಅಡಿಯಲ್ಲಿ ಮಡಚುವುದು ಡ್ರೈವ್ ಸ್ಪ್ರಾಕೆಟ್ ಹತ್ತುವಾಗ ಒಂದೇ ಸಲ. ಸವೆತದ ದೊಡ್ಡ ಪಾಲು ಅಲ್ಲೇ.

ವೇಗವನ್ನೂ ನೋಡಿ. 20 ಮೀಟರಿನ ಕನ್ವೇಯರಿಗೆ ಚೈನು ಸುಮಾರು 42 ಮೀಟರ್ ಬೇಕು. 0.15ರ ವೇಗದಲ್ಲಿ ಒಂದು ಸುತ್ತಿಗೆ 280 ಸೆಕೆಂಡು. ದಿನಕ್ಕೆ 16 ತಾಸು ಓಡಿದರೆ 200ಕ್ಕೂ ಮಿಕ್ಕಿ ಸುತ್ತು. ವೇಗವನ್ನು 0.08ಕ್ಕೆ ಇಳಿಸಿದರೆ ಸುತ್ತು ಅರ್ಧದ ಹತ್ತಿರಕ್ಕೆ ಬರುತ್ತದೆ. ಬೂದಿಯ ಪದರ ಎರಡು ಪಟ್ಟು ದಪ್ಪ ಆಗುತ್ತದೆ ನಿಜ. ಆದರೆ ಎಳೆತ ಎರಡು ಪಟ್ಟಾಗುವುದಿಲ್ಲ, ಯಾಕೆಂದರೆ ಚೈನಿನದ್ದೇ ಭಾರ, ಬೂದಿ ತಳ್ಳುವ ಸ್ಕ್ರೇಪರ್ ಪಟ್ಟಿಯದ್ದೇ ಭಾರ ಅಷ್ಟೇ ಇರುತ್ತದೆ. ಉಮಿ ಬೂದಿಯಂತೂ ಬಹಳ ಹಗುರ. ಮಿಲ್ಲಿನವರು ವೇಗ ಇಳಿಸಿದರೆ ಬೂದಿ ತುಂಬಿಕೊಳ್ಳುತ್ತದೆ ಎಂದು ಹೆದರುತ್ತಾರೆ. ತೊಟ್ಟಿಯ ಅಡ್ಡಳತೆ ತೆಗೆದು ಲೆಕ್ಕ ತೋರಿಸಿ. ಹೆಚ್ಚಿನ ಕಡೆ ತೊಟ್ಟಿ ಅರ್ಧವೂ ತುಂಬಿರುವುದಿಲ್ಲ. ಬುಷ್ಷಿನ ಉದ್ದ, ಹಲ್ಲು, ವೇಗ ಮೂರನ್ನೂ ಸೇರಿಸಿದರೆ ಸವೆತ ಈಗಿನ ಅರ್ಧಕ್ಕಿಂತ ಎಷ್ಟೋ ಕೆಳಗೆ ಬರುತ್ತದೆ. ಉಕ್ಕು ಮುಟ್ಟದೆಯೇ.

ಈಗ ಉಕ್ಕು. ಪಿನ್ನಿಗೆ, ಬುಷ್ಷಿಗೆ ಇಎನ್ 353 ಅಥವಾ 20ಎಂಎನ್‌ಸಿಆರ್5 ತೆಗೆದುಕೊಂಡು ಕೇಸ್ ಹಾರ್ಡನ್ ಮಾಡಿಸುವುದು ರೂಢಿ. ಮೇಲ್ಮೈ 58ರಿಂದ 62 ಎಚ್‌ಆರ್‌ಸಿ, ಒಳಗೆ ಮೆದು, ಪೆಟ್ಟು ತಡೆಯುತ್ತದೆ. ಆದರೆ ನಿಮ್ಮ ಪಿಚ್ಚಿಗೆ ಒಂದು ಅಳತೆ ಹೊಂದಿಸಲೇಬೇಕು. ಕನ್ವೇಯರ್ ಚೈನು ನೂರಕ್ಕೆ 2ರಿಂದ 3ರಷ್ಟು ಉದ್ದ ಆದರೆ ಬದಲಿಸಿ ಎನ್ನುತ್ತಾರೆ. 100 ಮಿ.ಮೀ. ಪಿಚ್ಚಿಗೆ ನೂರಕ್ಕೆ 3 ಅಂದರೆ ಪ್ರತಿ ಕೀಲಿನಲ್ಲಿ 3 ಮಿ.ಮೀ. ಸವೆತ, ಪಿನ್ನು ಮತ್ತು ಬುಷ್ ಎರಡೂ ಸೇರಿ. ಕೇಸ್ ಆಳ, ಅಂದರೆ ಗಟ್ಟಿ ಮೇಲ್ಪದರದ ದಪ್ಪ, ಒಂದೊಂದಕ್ಕೆ 0.8 ಮಿ.ಮೀ. ಇದ್ದರೆ? 1.6ಕ್ಕೆ ಗಟ್ಟಿ ಪದರ ಮುಗಿದುಹೋಯಿತು. ಆಮೇಲೆ ಮೆದು ಉಕ್ಕು, ನೋಡನೋಡುತ್ತಲೇ ಸವೆಯುತ್ತದೆ. ಸಣ್ಣ ಪಿಚ್ಚಿನ ಚೈನಿಗೆ ಈ ತೊಂದರೆ ಇಲ್ಲ. ದೊಡ್ಡ ಪಿಚ್ಚಿನಲ್ಲಿ ಚೈನಿನ ಆಯುಷ್ಯ ನಿರ್ಧರಿಸುವುದು ಕೇಸ್ ಆಳ. ನಾನಾದರೆ ಬುಷ್ಷನ್ನು ಕೇಸ್ ಹಾರ್ಡನ್ ಮಾಡಿಸಿ, ಪಿನ್ನನ್ನು ಇಎನ್ 19 ಉಕ್ಕಿನಲ್ಲಿ ಮಾಡಿ ಇಂಡಕ್ಷನ್ ಹಾರ್ಡನಿಂಗ್‌ಗೆ (ಕರೆಂಟಿನ ಸುರುಳಿಯಿಂದ ಮೇಲ್ಮೈ ಕಾಯಿಸಿ ಗಟ್ಟಿ ಮಾಡುವುದು) ಕೊಡುತ್ತೇನೆ. ಅದರಲ್ಲಿ ಗಟ್ಟಿ ಪದರ 2 ಮಿ.ಮೀ. ದಾಟಿಸಬಹುದು.

ಡ್ರಾಯಿಂಗಿನಲ್ಲಿ ಸುಮ್ನೆ ‘ಕೇಸ್ ಆಳ 1 ಮಿ.ಮೀ.’ ಎಂದು ಬರೆದು ಕೊಟ್ಟರೆ ಸಾಲದು. ಹಾರ್ಡನಿಂಗ್ ಆಗಿ ಬಂದ ಪಿನ್ನನ್ನು ಸೈಜಿಗೆ ತರಲು ಗ್ರೈಂಡ್ ಮಾಡುತ್ತೀರಿ. ವ್ಯಾಸದಲ್ಲಿ 0.4 ತೆಗೆದರೆ ಒಂದೊಂದು ಪಕ್ಕದ 0.2 ಹೋಯಿತು, ಅದೂ ಎಲ್ಲಕ್ಕಿಂತ ಗಟ್ಟಿಯಾದ ಮೇಲ್ಪದರ. ‘ಗ್ರೈಂಡಿಂಗ್ ಆದ ಮೇಲೆ ಉಳಿಯಬೇಕಾದ ಕೇಸ್ ಆಳ’ ಎಂದೇ ಬರೆಯಿರಿ. ಪ್ರತಿ ಬ್ಯಾಚಿನ ಜೊತೆ ಒಂದು ಪಿನ್ನು ಹೆಚ್ಚಿಗೆ ಹಾಕಿ, ಅದನ್ನು ಅಡ್ಡ ಕತ್ತರಿಸಿ ಅಂಚಿನಿಂದ ಒಳಗೆ ಗಟ್ಟಿತನ ಅಳೆಸಿ. ಒಂದು ಪಿನ್ನು ಹಾಳಾಗುತ್ತದೆ ಎಂದು ಬೇಸರ ಬೇಡ. ಇಡೀ ಚೈನು ಹಾಳಾಗುವುದಕ್ಕಿಂತ ಅಗ್ಗ.

ಬೂದಿಯ ಬಿಸಿಯನ್ನೂ ವಿಚಾರಿಸಿಕೊಳ್ಳಿ. ಕೇಸ್ ಹಾರ್ಡನ್ ಆದ ಪಿನ್ನನ್ನು ಸಾಮಾನ್ಯವಾಗಿ 150ರಿಂದ 200 ಡಿಗ್ರಿಯಲ್ಲಿ ಟೆಂಪರ್ ಮಾಡಿರುತ್ತಾರೆ, ಅಂದರೆ ಪೆಡಸು ಇಳಿಯಲು ಮತ್ತೆ ಕಾಯಿಸಿರುತ್ತಾರೆ. ಕೆಂಡ ಸಮೇತ ಬೂದಿ ಬಿದ್ದು ಚೈನು ಅದಕ್ಕಿಂತ ಬಿಸಿಯಾದರೆ ನೀವು ದುಡ್ಡು ಕೊಟ್ಟು ತಂದ ಗಟ್ಟಿತನ ಮಿಲ್ಲಿನಲ್ಲೇ ಇಳಿದುಹೋಗುತ್ತದೆ.

ಇನ್ನು ತುಂಡಾದ ಪಿನ್ನುಗಳು. ನನ್ನ ಅಂದಾಜಿನಲ್ಲಿ ಅದು ಹೈಡ್ರೋಜನ್ನಿನ ಕೆಲಸ. ಪ್ಲೇಟಿಂಗಿಗೆ ಮುಂಚೆ ಆಸಿಡ್ಡಿನಲ್ಲಿ ಅದ್ದುತ್ತಾರೆ, ಆಮೇಲೆ ಕರೆಂಟು ಹಾಯಿಸಿ ಝಿಂಕ್ ಕೂರಿಸುತ್ತಾರೆ. ಎರಡೂ ಹಂತದಲ್ಲಿ ಹೈಡ್ರೋಜನ್ ಉಕ್ಕಿನ ಒಳಗೆ ಸೇರುತ್ತದೆ. ಮೆದು ಉಕ್ಕಿಗೆ ಅದರಿಂದ ತೊಂದರೆ ಇಲ್ಲ. ಹಾರ್ಡನ್ ಆದ ಉಕ್ಕು ಮಾತ್ರ ಒಳಗೇ ಪೆಡಸಾಗಿ, ಲೋಡ್ ಬಿದ್ದ ಕೆಲವು ತಾಸಿಗೋ ಕೆಲವು ದಿನಕ್ಕೋ ಏನೂ ಸೂಚನೆ ಕೊಡದೆ ಮುರಿಯುತ್ತದೆ. ಬಾಗಿರುವುದೂ ಇಲ್ಲ, ಹಿಗ್ಗಿರುವುದೂ ಇಲ್ಲ. ಪ್ಲೇಟಿಂಗ್ ಆದ ಕೆಲವೇ ತಾಸಿನೊಳಗೆ ಸುಮಾರು 200 ಡಿಗ್ರಿಯಲ್ಲಿ ಹಲವು ತಾಸು ಬೇಯಿಸಿದರೆ ಹೈಡ್ರೋಜನ್ ಹೊರಗೆ ಹೋಗುತ್ತದೆ. ಆದರೆ ಪ್ಲೇಟಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸದಿದ್ದರೆ ಅದು ಆಗುವುದಿಲ್ಲ. ಅಷ್ಟಕ್ಕೂ ಪಿನ್ನಿಗೆ ಝಿಂಕ್ ಬೇಡವೇ ಬೇಡ. ಉಜ್ಜುವ ಜಾಗದಲ್ಲಿ ಅದು ಮೊದಲ ವಾರವೇ ಕಿತ್ತುಹೋಗುತ್ತದೆ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಹೆದರಿ ಇದನ್ನು ಮಾಡಿಸುವವರು ಬಹಳ ಮಂದಿ ಇದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಉಳಿದಿರುವ ಆ ಸೆಟ್ಟಿನ ಪಿನ್ನುಗಳನ್ನು ದಯವಿಟ್ಟು ಯಾವ ಚೈನಿಗೂ ಹಾಕಬೇಡಿ.

ತುಕ್ಕಿನ ನಿಜವಾದ ಕಾಟ ಇರುವುದು ಚೈನ್ ನಿಂತಾಗ. ಮಳೆಗಾಲದಲ್ಲಿ ಮಿಲ್ಲು ಕೆಲವು ವಾರ ನಿಂತರೆ ಕೀಲಿನಲ್ಲಿ ಉಳಿದ ಬೂದಿ ತೇವ ಹೀರಿ ಗಟ್ಟಿಯಾಗುತ್ತದೆ, ಲಿಂಕ್ ಜಾಮ್ ಆಗುತ್ತದೆ. ಮತ್ತೆ ಸ್ಟಾರ್ಟ್ ಮಾಡಿದಾಗ ಜಾಮ್ ಆದ ಲಿಂಕನ್ನು ಸ್ಪ್ರಾಕೆಟ್ ಬಲವಂತವಾಗಿ ಮಡಚುತ್ತದೆ. ಆಗ ಪಿನ್ನು ಬುಷ್ಷಿನಲ್ಲಿ ತಿರುಗುವ ಬದಲು ಪ್ಲೇಟಿನ ತೂತಿನಲ್ಲಿ ತಿರುಗಲು ಶುರುಮಾಡುತ್ತದೆ. ನಾನು ಮೇಲೆ ಹೇಳಿದ ಇನ್ನೊಂದು ರೋಗ ಇದು. ನಿಲ್ಲಿಸುವ ಮುಂಚೆ ಕನ್ವೇಯರನ್ನು ಖಾಲಿ ಓಡಿಸಿ, ಗಾಳಿ ಊದಿ ಚೊಕ್ಕ ಮಾಡಿ, ಆಮೇಲೆ ತೆಳು ಎಣ್ಣೆ ಹಾಕಿ ಒಂದೆರಡು ಸುತ್ತು ಓಡಿಸಲು ಮಿಲ್ಲಿನವರಿಗೆ ಹೇಳಿ. ಓಡುವ ದಿನಗಳಲ್ಲಿ ಬೂದಿಯ ನಡುವೆ ಗ್ರೀಸ್ ಬಳಿಯುವುದು ಬೇಡ. ಗ್ರೀಸಿಗೆ ಸಿಲಿಕಾ ಅಂಟಿಕೊಂಡರೆ ಅದು ವಾಲ್ವ್ ಉಜ್ಜುವ ಪೇಸ್ಟೇ.

ಪಿನ್ನು ತೂತಿನಲ್ಲಿ ತಿರುಗದಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಪಿನ್ನಿನ ತುದಿಗೆ ಒಂದು ಚಪ್ಪಟೆ ಮುಖ ಕೊಟ್ಟು ಹೊರ ಪ್ಲೇಟಿನಲ್ಲೂ ಅದೇ ಆಕಾರದ ತೂತು ಮಾಡಿ. ಬುಷ್ ಒಳ ಪ್ಲೇಟಿನಲ್ಲಿ ಒಳ್ಳೆಯ ಬಿಗಿಯಲ್ಲಿ ಕೂರಬೇಕು. ಪಂಚ್ ಮಾಡಿದ ತೂತಿನ ಒಳಮೈ ಅರ್ಧ ನುಣುಪು, ಅರ್ಧ ಹರಿದದ್ದು. ಹರಿದ ಕಡೆ ಬಿಗಿ ನಿಲ್ಲುವುದಿಲ್ಲ, ಬಿರುಕೂ ಅಲ್ಲಿಂದಲೇ ಹೊರಡುತ್ತದೆ. ಸ್ವಲ್ಪ ಚಿಕ್ಕದಾಗಿ ಪಂಚ್ ಮಾಡಿ ರೀಮರ್ ಹಾಕಿ, ಅಂಚಿನ ಚೂಪು ತೆಗೆಯಿರಿ. ಪ್ಲೇಟಿಗೆ ಸಿ45 ಉಕ್ಕು ಸಾಕು. ಮುರಿಯುವ ಭಾರ ಓಡುವ ಎಳೆತದ 8ರಿಂದ 10 ಪಟ್ಟು ಇರುವಂತೆ ನೋಡಿಕೊಳ್ಳಿ.

ಸ್ಕ್ರೇಪರ್ ಪಟ್ಟಿಯನ್ನು ಪ್ಲೇಟಿಗೆ ವೆಲ್ಡ್ ಮಾಡುವಾಗ ಎರಡು ಎಚ್ಚರ. ಸಿ45ಗೆ ತಣ್ಣಗೆ ವೆಲ್ಡ್ ಮಾಡಿದರೆ ಪಕ್ಕದಲ್ಲೇ ಗಾಜಿನಂಥ ಗಟ್ಟಿ ಪಟ್ಟಿ ಹುಟ್ಟಿ ಬಿರುಕು ಬಿಡುತ್ತದೆ. ಮೊದಲು ಬಿಸಿ ಮಾಡಿ, ಒಣಗಿಸಿದ 7018 ರಾಡ್ ಬಳಸಿ, ತೂತಿನಿಂದ ದೂರ ವೆಲ್ಡ್ ಮಾಡಿ. ಎರಡನೆಯದು, ಜೋಡಿಸಿದ ಚೈನಿನ ಮೇಲೆ ವೆಲ್ಡ್ ಮಾಡುವಾಗ ಅರ್ತ್ ಕ್ಲಾಂಪನ್ನು ದೂರದಲ್ಲೆಲ್ಲೋ ಕಚ್ಚಿಸಬೇಡಿ. ಕರೆಂಟು ಒಂದೊಂದೇ ಪಿನ್ನು-ಬುಷ್ ದಾಟಿಕೊಂಡು ಹೋಗುತ್ತದೆ, ಒಳಗೆ ಕಿಡಿ ಹಾರಿ ಮೇಲ್ಮೈ ಸುಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕ್ಲಾಂಪ್ ಯಾವಾಗಲೂ ವೆಲ್ಡ್ ಆಗುವ ಪ್ಲೇಟಿಗೇ ಇರಲಿ.

ಸ್ಪ್ರಾಕೆಟನ್ನು ಬೇಗ ಬದಲಿಸಬಹುದಾದ ಭಾಗ ಮಾಡಿಬಿಡಿ. ಹಬ್ಬು ಶಾಫ್ಟಿನಲ್ಲೇ ಇರಲಿ, ಹಲ್ಲಿನ ಸುತ್ತನ್ನು ಎರಡು ಮೂರು ತುಂಡಾಗಿ ಮಾಡಿ ಬೋಲ್ಟ್ ಹಾಕಿ. ಹಲ್ಲಿನ ಎರಡೂ ಮುಖ ಒಂದೇ ಆಕಾರ ಇದ್ದರೆ, ಒಂದು ಪಕ್ಕ ಸವೆದಾಗ ತಿರುಗಿಸಿ ಹಾಕಬಹುದು. ಹಲ್ಲಿನ ಗಟ್ಟಿತನ 45ರಿಂದ 50 ಎಚ್‌ಆರ್‌ಸಿ ಸಾಕು. ಬುಷ್ಷಿಗಿಂತ ಹಲ್ಲು ಸ್ವಲ್ಪ ಮೆದು ಇದ್ದು ಮೊದಲು ಸವೆಯಲಿ. 42 ಮೀಟರ್ ಚೈನಿಗಿಂತ ಎರಡು ಹಲ್ಲಿನ ತುಂಡು ಅಗ್ಗ. ಹೊಸ ಚೈನನ್ನು ಕೊಕ್ಕೆಯಾದ ಹಳೆ ಹಲ್ಲಿನ ಮೇಲೆ ಹಾಕಲು ಮಾತ್ರ ಬಿಡಬೇಡಿ.

ಮ್ಯಾಂಗನೀಸ್ ಉಕ್ಕು ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಕಲ್ಲು ಒಡೆಯುವ ಕ್ರಷರಿನಲ್ಲಿ ಚೆನ್ನ, ಪೆಟ್ಟು ಬಿದ್ದಷ್ಟೂ ಮೇಲ್ಮೈ ಗಟ್ಟಿಯಾಗುತ್ತದೆ. ಬೂದಿಯಲ್ಲಿ ಪೆಟ್ಟೇ ಇಲ್ಲ, ಬರೀ ಉಜ್ಜಾಟ. ಅದು ಅಲ್ಲಿ ಮೆದುವಾಗಿಯೇ ಇದ್ದು ಸವೆದುಹೋಗುತ್ತದೆ. 304, 316 ಸ್ಟೇನ್‌ಲೆಸ್ ಕೂಡ ಇಲ್ಲಿಗಲ್ಲ. ಅದು ಹಾರ್ಡನ್ ಆಗುವುದಿಲ್ಲ, ಪಿನ್ನು-ಬುಷ್ ಎರಡೂ ಅದರದ್ದೇ ಆದರೆ ಕಚ್ಚಿ ಹಿಡಿದುಕೊಳ್ಳುತ್ತದೆ. ಮಲ್ಪೆಯಲ್ಲಿ ಮೀನು, ಐಸ್ ಎಳೆಯುವ ಚೈನಿನ ಕತೆ ಬೇರೆ.

ಮುಂದಿನ ಆರ್ಡರಿಗೆ ಮುಂಚೆ ಒಂದು ಮಿಲ್ಲಿನ ಹಳೆ ಚೈನು ತರಿಸಿಕೊಳ್ಳಿ. 10 ಪಿಚ್ ಎಳೆದು ಹಿಡಿದು ಉದ್ದ ಅಳೆಯಿರಿ. ಮೂರು ಪಿನ್ನು ಹೊರಗೆ ತೆಗೆದು ತಗ್ಗಿನ ಆಳ ಮೈಕ್ರೋಮೀಟರಿನಲ್ಲಿ ನೋಡಿ, ಅದೇ ಕೀಲುಗಳ ಬುಷ್ ಸೀಳಿ ಒಳಗೂ ಅಳೆಯಿರಿ. ಪಿನ್ನು ಜಾಸ್ತಿ ಸವೆದಿದೆಯೋ ಬುಷ್ ಜಾಸ್ತಿಯೋ ಅಂತ ಬರೆದಿಟ್ಟುಕೊಳ್ಳಿ. ಈ ಅಂಕಿಗಳ ಜೊತೆ ಮೋಟರಿನ ಕಿಲೋವ್ಯಾಟ್, ಚೈನಿನ ವೇಗ, ಬೂದಿ ತೊಟ್ಟಿಯ ಅಡ್ಡಳತೆ ಕಳಿಸಿದರೆ ಬುಷ್ ಎಷ್ಟು ಉದ್ದ, ಹಲ್ಲು ಎಂಟೋ ಒಂಬತ್ತೋ ಎಂದು ನಿಮ್ಮ ಮಿಲ್ಲಿಗೇ ಸರಿಯಾಗಿ ಲೆಕ್ಕ ಹಾಕಿ ಹೇಳುತ್ತೇನೆ.